ಎನ್‌ಎಂಆರ್ ಟೆಸ್ಟಿನಿಂದ ಎಲ್ಲ ಕಾಯಿಲೆ ಗೊತ್ತಾಗುತ್ತದಾ?

"ಒಂದು ಟ್ಯೂಬ್ ರಕ್ತ ಎನ್‌ಎಂಆರ್ ಯಂತ್ರಕ್ಕೆ ಹಾಕಿದರೆ ಸಾಕು, ಎಲ್ಲ ಕಾಯಿಲೆ ಗೊತ್ತಾಗುತ್ತದಂತೆ, ಯಾರಿಗೆ ಯಾವ ಔಷಧಿ ಒಗ್ಗುತ್ತದೆ ಅಂತಲೂ ಹೇಳುತ್ತದಂತೆ, ನಿಜಾನಾ?" ಅಂತ ಕೇಳಿದ್ದೀರಿ. ಮೊದಲನೆಯದು ಸುಳ್ಳು. ಎರಡನೆಯದರಲ್ಲಿ ಒಂದಿಷ್ಟು ಸತ್ಯ ಇದೆ. ಲ್ಯಾಬಿನಲ್ಲಿ ಇದೇ ಯಂತ್ರದ ಜೊತೆ ಕೆಲಸ ಮಾಡುವವನಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎನ್‌ಎಂಆರ್ ಅಂದರೆ ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್, ಸ್ಯಾಂಪಲ್ಲನ್ನು ಬಲವಾದ ಕಾಂತದೊಳಗಿಟ್ಟು ಅದರಲ್ಲಿರುವ ಅಣುಗಳನ್ನು ಗುರುತಿಸುವ ವಿಧಾನ. ಎಂಆರ್‌ಐ ಮತ್ತು ಇದು ಎರಡೂ ಒಂದೇ ತತ್ವದ ಮೇಲೆ ನಡೆಯುತ್ತವೆ. ಆಸ್ಪತ್ರೆಯ ಎಂಆರ್‌ಐ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ (ಕಾಂತಕ್ಷೇತ್ರದ ಬಲದ ಅಳತೆ). ರಕ್ತ, ಮೂತ್ರ ನೋಡುವ 600 ಮೆಗಾಹರ್ಟ್ಸ್ ಎನ್‌ಎಂಆರ್ 14.1 ಟೆಸ್ಲಾ. ಅಷ್ಟು ಬಲವಾದ ಕಾಂತಕ್ಷೇತ್ರದಲ್ಲಿ ಹೈಡ್ರೋಜನ್ ಪರಮಾಣುಗಳು ರೇಡಿಯೋ ತರಂಗಕ್ಕೆ ಸ್ಪಂದಿಸುತ್ತವೆ. ಅಣುವಿನ ಯಾವ ಮೂಲೆಯಲ್ಲಿವೆ ಅನ್ನುವುದರ ಮೇಲೆ ಅವುಗಳ ಫ್ರೀಕ್ವೆನ್ಸಿ ತುಸು ಬದಲಾಗುತ್ತದೆ. ಹಾಗಾಗಿ ಗ್ಲೂಕೋಸ್, ಲ್ಯಾಕ್ಟೇಟ್, ಅಮೈನೋ ಆಮ್ಲ, ಕೊಬ್ಬು ಎಲ್ಲ ಒಂದೇ ಗ್ರಾಫಿನಲ್ಲಿ ಬೇರೆ ಬೇರೆ ಪೀಕ್ ಆಗಿ ಕಾಣುತ್ತವೆ. ಒಂದೊಂದಕ್ಕೂ ಬೇರೆ ಕಿಟ್ ಬೇಕಿಲ್ಲ. ಪೀಕ್ ಎಷ್ಟು ದೊಡ್ಡದೋ ಆ ವಸ್ತು ಅಷ್ಟು ಜಾಸ್ತಿ.

ಆದರೆ ಇದರ ಕಣ್ಣು ಸ್ವಲ್ಪ ಮಂದ. ಮೈಕ್ರೋಮೋಲಾರ್ (ಲೀಟರಿಗೆ ಒಂದು ಮೋಲ್‌ನ ಹತ್ತು ಲಕ್ಷದಲ್ಲೊಂದು ಭಾಗ) ಮಟ್ಟಕ್ಕಿಂತ ತೀರಾ ಕಡಿಮೆ ಇರುವುದು ಕಾಣುವುದಿಲ್ಲ. ಹೃದಯಾಘಾತದಲ್ಲಿ ನೋಡುವ ಟ್ರೋಪೋನಿನ್, ಥೈರಾಯ್ಡ್ ಹಾರ್ಮೋನು ಇವೆಲ್ಲ ರಕ್ತದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಕಡಿಮೆ ಇರುತ್ತವೆ. "ಎಲ್ಲ ಕಾಯಿಲೆ" ಅನ್ನುವ ಮಾತು ಅಲ್ಲಿಗೇ ಮುಗಿಯಿತು, ಅಲ್ವಾ?

ಈಗ ಔಷಧಿಯ ವಿಷಯ. ನನಗೆ ತುಂಬಾ ಇಷ್ಟವಾದ ಉದಾಹರಣೆ ಪ್ಯಾರಾಸಿಟಮಾಲ್‌ನದು. ದೇಹ ಅದನ್ನು ಮುಖ್ಯವಾಗಿ ಎರಡು ರೀತಿಯಲ್ಲಿ ಹೊರಹಾಕುತ್ತದೆ: ಸಲ್ಫೇಟ್ ಅಂಟಿಸಿ, ಇಲ್ಲವೇ ಗ್ಲುಕುರೊನೈಡ್ (ಸಕ್ಕರೆಯಿಂದಾದ ಒಂದು ತುಣುಕು) ಅಂಟಿಸಿ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 99 ಆರೋಗ್ಯವಂತ ಗಂಡಸರ ಮೂತ್ರವನ್ನು ಮಾತ್ರೆ ಕೊಡುವ ಮೊದಲೂ ಆಮೇಲೂ ಎನ್‌ಎಂಆರ್‌ನಲ್ಲಿ ನೋಡಿದರು. ಯಾರ ಮೂತ್ರದಲ್ಲಿ ಮೊದಲೇ ಪ್ಯಾರಾ-ಕ್ರೆಸಾಲ್ ಸಲ್ಫೇಟ್ ಜಾಸ್ತಿ ಇತ್ತೋ ಅವರಲ್ಲಿ ಸಲ್ಫೇಟ್ ದಾರಿ ಕಡಿಮೆ ಬಳಕೆಯಾಗಿತ್ತು. ಈ ಕ್ರೆಸಾಲ್ ಎಲ್ಲಿಂದ ಬಂತು? ಕರುಳಿನ ಬ್ಯಾಕ್ಟೀರಿಯಾದಿಂದ. ಅದನ್ನು ಹೊರಹಾಕಲೂ ದೇಹಕ್ಕೆ ಅದೇ ಸಲ್ಫೇಟ್ ಬೇಕು. ಅಂದರೆ ಮಾತ್ರೆಗೂ ಬ್ಯಾಕ್ಟೀರಿಯಾಕ್ಕೂ ಒಂದೇ ದಾಸ್ತಾನಿನ ಮೇಲೆ ಪೈಪೋಟಿ! ಆ ಮನುಷ್ಯನ ಜೀನ್ ಟೆಸ್ಟ್ ಮಾಡಿಸಿದ್ದರೆ ಇದು ಸಿಗುತ್ತಿರಲಿಲ್ಲ. ಹಾಗಂತ ಇದನ್ನು ನೋಡಿ ವೈದ್ಯರು ಪ್ಯಾರಾಸಿಟಮಾಲ್ ಡೋಸ್ ನಿರ್ಧರಿಸುವುದಿಲ್ಲ. ಸಾಧ್ಯ ಅಂತ ತೋರಿಸಿದ್ದು ಒಂದು, ದಿನನಿತ್ಯದ ಚಿಕಿತ್ಸೆ ಇನ್ನೊಂದು.

ನಿಜವಾದ ತಲೆನೋವು ಇರುವುದು ಯಂತ್ರದಲ್ಲಲ್ಲ, ಸ್ಯಾಂಪಲ್‌ನಲ್ಲಿ. ರಕ್ತ ತೆಗೆದು ಸುಮ್ನೆ ಮೇಜಿನ ಮೇಲಿಟ್ಟರೆ ಕೆಂಪು ರಕ್ತಕಣಗಳು ಗ್ಲೂಕೋಸ್ ತಿನ್ನುತ್ತಾ ಹೋಗುತ್ತವೆ, ಲ್ಯಾಕ್ಟೇಟ್ ಏರುತ್ತದೆ. 1.33 ಪಿಪಿಎಂ (ಗ್ರಾಫಿನಲ್ಲಿ ಪೀಕ್ ಎಲ್ಲಿದೆ ಅಂತ ಹೇಳುವ ಅಳತೆ) ಹತ್ತಿರ ಲ್ಯಾಕ್ಟೇಟ್‌ನ ಜೋಡಿ ಪೀಕ್ ಎತ್ತರಕ್ಕೆ ಎದ್ದು ನಿಂತಿರುತ್ತದೆ. ರೋಗಿಗೆ ಏನೋ ಆಗಿದೆ ಅಂದುಕೊಳ್ಳಬೇಕು, ಆಗಿರುವುದು ತಡ ಮಾತ್ರ! ಸೂಜಿ ಚುಚ್ಚುವ ಮುನ್ನ ಒರೆಸಿದ ಸ್ಪಿರಿಟ್ 1.18ರ ಹತ್ತಿರ ಮೂರು ಗೆರೆಯಾಗಿ ಕಾಣುತ್ತದೆ. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿರುವ ಟ್ಯೂಬ್ ಬಳಸಿದರೆ ಅದರದ್ದೇ ಪೀಕ್‌ಗಳು ಬಂದು ಕೂರುತ್ತವೆ. ಹಿಂದಿನ ದಿನ ನುಂಗಿದ ಮಾತ್ರೆಯೂ ಮೂತ್ರದಲ್ಲಿ ಹಾಜರ್. ಹಾಗಾಗಿ ಗ್ರಾಫ್ ನೋಡುವಾಗ ನನ್ನ ಕಣ್ಣು ಮೊದಲು ಹೋಗುವುದು ಇವುಗಳ ಕಡೆಗೆ, ಕಾಯಿಲೆ ಆಮೇಲೆ.

ರಕ್ತ ತೆಗೆಯದೆಯೂ ಮಾಡಬಹುದು. ಎಂಆರ್‌ಐ ಯಂತ್ರದಲ್ಲೇ ಮೆದುಳಿನ ಒಂದು ಭಾಗದ ಸ್ಪೆಕ್ಟ್ರಮ್ ತೆಗೆಯುತ್ತಾರೆ, ಇದಕ್ಕೆ ಎಂಆರ್‌ಎಸ್ ಅನ್ನುತ್ತಾರೆ. ಬೆಳವಣಿಗೆ ನಿಧಾನವಾಗಿರುವ ಕೆಲವು ಮಕ್ಕಳಲ್ಲಿ 3.0 ಪಿಪಿಎಂನಲ್ಲಿ ಇರಬೇಕಾದ ಕ್ರಿಯೇಟಿನ್ (ಮೆದುಳಿಗೆ ಶಕ್ತಿ ಒದಗಿಸಲು ನೆರವಾಗುವ ವಸ್ತು) ಪೀಕ್ ಇರುವುದೇ ಇಲ್ಲ. ದೇಹ ಕ್ರಿಯೇಟಿನ್ ತಯಾರಿಸಲಾಗದ ಕಾಯಿಲೆ ಆಗಿದ್ದರೆ ಅದನ್ನು ಬಾಯಿಯ ಮೂಲಕ ಕೊಡುತ್ತಾರೆ, ಪೀಕ್ ನಿಧಾನವಾಗಿ ಮರಳುತ್ತದೆ. ಅದನ್ನು ಮೆದುಳಿನೊಳಗೆ ಸಾಗಿಸುವ ಪ್ರೋಟೀನೇ ಕೆಟ್ಟಿದ್ದರೆ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಒಬ್ಬೊಬ್ಬರಿಗೆ ತಕ್ಕ ಚಿಕಿತ್ಸೆ ಅಂದರೆ ನನ್ನ ಮಟ್ಟಿಗೆ ಇದೇ.

ಇನ್ನು ನಿಮಗೆ ಯಾರಾದರೂ ಬರೆದುಕೊಡುವ ಎನ್‌ಎಂಆರ್ ರಕ್ತಪರೀಕ್ಷೆ ಅಂದರೆ ಬಹುಪಾಲು ಲೈಪೋಪ್ರೋಟೀನ್ (ರಕ್ತದಲ್ಲಿ ಕೊಬ್ಬನ್ನು ಹೊತ್ತೊಯ್ಯುವ ಕಣಗಳು) ಟೆಸ್ಟೇ. ಇದಕ್ಕೆಂದೇ ಮಾಡಿದ ಯಂತ್ರಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಒಪ್ಪಿಗೆ ಕೊಟ್ಟಿತು. ಎಲ್‌ಡಿಎಲ್ ಕೊಲೆಸ್ಟ್ರಾಲ್ ಎಷ್ಟು ಅನ್ನುವುದರ ಬದಲು ಎಲ್‌ಡಿಎಲ್ ಕಣಗಳು ಎಷ್ಟಿವೆ ಅಂತ ಇದು ಹೇಳುತ್ತದೆ. ಸಕ್ಕರೆ ಕಾಯಿಲೆ ಅಥವಾ ಟ್ರೈಗ್ಲಿಸರೈಡ್ ಜಾಸ್ತಿ ಇರುವವರಲ್ಲಿ ಈ ಎರಡು ಲೆಕ್ಕ ತಾಳೆಯಾಗದೆ ಇರಬಹುದು, ಅಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಆದರೆ ಅಪೋ-ಬಿ (ಇಂಥ ಕಣಗಳ ಮೇಲಿರುವ ಒಂದು ಪ್ರೋಟೀನ್) ಅನ್ನುವ ಮಾಮೂಲಿ ರಕ್ತಪರೀಕ್ಷೆಯೂ ಹೆಚ್ಚುಕಡಿಮೆ ಅದೇ ಮಾಹಿತಿ ಕೊಡುತ್ತದೆ, ಖರ್ಚೂ ಸಾಮಾನ್ಯವಾಗಿ ಕಡಿಮೆ. ಮೊದಲು ಅದು ಸಾಕಾ ಅಂತ ನಿಮ್ಮ ವೈದ್ಯರನ್ನು ಕೇಳಿ.