ಕೀಬೋರ್ಡಿನ ಕೆಳಗಿನ ಚೀಟಿ

ಅವರಿಗೆ 31 ವರ್ಷ. ಬೆಂಗಳೂರಿನ ಒಂದು ಕಂಪನಿಯಲ್ಲಿ ಪೆನ್‌ಟೆಸ್ಟರ್. ಬ್ಯಾಂಕು, ಆಸ್ಪತ್ರೆಗಳು ಬರೆದುಕೊಟ್ಟ ಒಪ್ಪಿಗೆಯ ಮೇಲೆ ಅವುಗಳ ಸಿಸ್ಟಮ್‌ಗೆ ನುಗ್ಗಿ, ಎಲ್ಲೆಲ್ಲಿ ತೂತಿದೆ ಎಂದು ರಿಪೋರ್ಟ್ ಕೊಡುವ ಕೆಲಸ. ನಿದ್ದೆ ಬರುವುದಿಲ್ಲ ಎಂದು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದಿದ್ದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಎರಡು ಭೇಟಿಯಲ್ಲಿ ಬರೀ ಸಿಕ್ಕಿಬೀಳುವ ಭಯದ ಮಾತು. ಕಾಲೇಜಿನ ದಿನಗಳಲ್ಲಿ ಇಟ್ಟುಕೊಂಡಿದ್ದ ಹ್ಯಾಕರ್ ಹೆಸರನ್ನು ರಾತ್ರಿ ಎರಡಕ್ಕೆ ಎದ್ದು ಗೂಗಲ್‌ನಲ್ಲಿ ಹುಡುಕುತ್ತಿದ್ದರು. ಏನೂ ಸಿಗದಿದ್ದರೆ ಹತ್ತು ನಿಮಿಷ ಸಮಾಧಾನ, ಮತ್ತೆ ಹುಡುಕಾಟ. ಮಾರ್ಕಸ್ ಹಚಿನ್ಸ್ ಕಥೆ ಮತ್ತೆ ಮತ್ತೆ ಬರುತ್ತಿತ್ತು. 2017ರ ಮೇ ತಿಂಗಳಲ್ಲಿ, ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನು ಲಾಕ್ ಮಾಡಿ ಹಣ ಕೇಳಿದ ವಾನಾಕ್ರೈ ದಾಳಿ ತಡೆದು ಹೆಸರಾದ ಬ್ರಿಟಿಷ್ ಯುವಕ. ಹಿಂದೆ ಬ್ಯಾಂಕ್ ಮಾಹಿತಿ ಕದಿಯುವ ಮಾಲ್‌ವೇರ್ ಬರೆದಿದ್ದಕ್ಕೆ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಬಂಧನ. "ಮೂರು ತಿಂಗಳೂ ಆಗಿರಲಿಲ್ಲ ಮೇಡಂ," ಎನ್ನುತ್ತಿದ್ದರು. 2019ರಲ್ಲಿ ಹಚಿನ್ಸ್ ತಪ್ಪೊಪ್ಪಿಕೊಂಡರು, ನ್ಯಾಯಾಧೀಶರು ಮತ್ತೆ ಜೈಲಿಗೆ ಕಳಿಸಲಿಲ್ಲ. ಆ ಭಾಗ ಇವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. ನಾನೇ ನೆನಪಿಸಿದೆ.

ಮೂರನೇ ಸಲ ಬೇರೆ ರೀತಿ ಕೇಳಿದೆ: "ಈ ವಾರ ನಿದ್ದೆ ಜಾಸ್ತಿ ಕೆಟ್ಟದ್ದು ಯಾವತ್ತು?" ಒಂದು ಆಸ್ಪತ್ರೆಯ ರಿಪೋರ್ಟ್ ಬರೆದ ದಿನವಂತೆ. ಅಲ್ಲಿ ಕೀಬೋರ್ಡಿನ ಕೆಳಗೆ ಪಾಸ್‌ವರ್ಡ್ ಬರೆದ ಚೀಟಿ ಸಿಕ್ಕಿತ್ತು. ಆಮೇಲೆ ತುಂಬ ಹೊತ್ತು ಮಾತಿಲ್ಲ. 19ನೇ ವಯಸ್ಸಿನಲ್ಲಿ ಕಾಲೇಜು ಆಫೀಸಿನಲ್ಲಿ ಅಂಥದ್ದೇ ಚೀಟಿ ನೋಡಿ, ಗೆಳೆಯನ ಇಂಟರ್ನಲ್ಸ್ ಅಂಕ ತಿದ್ದಿದ್ದರು. ಲಾಗಿನ್ ಇದ್ದದ್ದು ಕ್ಲರ್ಕ್ ಹೆಸರಿನಲ್ಲಿ. ಸಸ್ಪೆಂಡ್ ಆದವರೂ ಆ ಕ್ಲರ್ಕೇ. "ನನ್ನನ್ನ ಮರಿ ಅಂತ ಕರೀತಿದ್ರು ಮೇಡಂ. ಫೀಸ್ ಲೇಟಾದಾಗ ತಾವೇ ಕೈಯಿಂದ ದಂಡ ಕಟ್ಟಿದ್ರು."

ಪೊಲೀಸರ ಭಯದ ಹಿಂದೆ ಇಷ್ಟು ದಿನ ಕೂತಿದ್ದವರು ಈ ಹಿರಿಯರು.

ಈಗಲೇ ಹೋಗಿ ಕಾಲು ಹಿಡಿಯುತ್ತೇನೆ ಎಂದರು. ತಡೆದೆ. ಹನ್ನೆರಡು ವರ್ಷದ ಮೇಲೆ ದಿಢೀರನೆ ಬಾಗಿಲಿಗೆ ಹೋದರೆ ಇವರ ಎದೆ ಹಗುರಾಗಬಹುದು. ಆ ಭಾರ ಬೀಳುವುದು ಯಾರ ಮೇಲೆ? ಮೊದಲು ವಕೀಲರನ್ನು ಕಾಣಿ ಎಂದೆ. ಹೀಗೆ ಅನುಮತಿ ಇಲ್ಲದೆ ಕಂಪ್ಯೂಟರ್‌ಗೆ ನುಗ್ಗಿದ್ದಕ್ಕೆ ಐಟಿ ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ 3 ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ಇಷ್ಟು ವರ್ಷದ ಮೇಲೆ ಅದರ ಗತಿ ಏನು ಎಂದು ವಕೀಲರೇ ಹೇಳಬೇಕು, ಅದು ನನ್ನ ಕೆಲಸವಲ್ಲ. ಅವರ ಮಾತು ಕೇಳಿ ಕ್ಲರ್ಕ್‌ಗೆ ಪತ್ರ ಬರೆಯಿರಿ. "ಆಗ ಚಿಕ್ಕವನು" ಅನ್ನುವ ನೆಪ ಬೇಡ. ಕ್ಷಮಿಸಲೇಬೇಕೆಂದು ಗೋಗರೆಯುವುದೂ ಬೇಡ. ಅವರ ಮೇಲಿನ ಆರೋಪ ಅಳಿಯಲು ಕಾಲೇಜಿಗೆ ನಾನು ಏನು ಬರೆದುಕೊಡಲಿ ಎಂದು ಕೇಳಿ.

ರಾತ್ರಿ ಫೋನ್ ಅಡುಗೆಮನೆಯಲ್ಲಿಡಲು ಹೇಳಿದೆ. ಹುಡುಕಬೇಕು ಅನ್ನಿಸಿದರೆ ಎದ್ದು, ಆ ಪತ್ರದ ಒಂದು ಸಾಲು ಬರೆಯುವುದು.

ಹೆಂಡತಿಗೆ ಅದೇ ವಾರ ಹೇಳಿದರು. ಆಕೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಕೇಳಿದ್ದು ಒಂದೇ: "ಆ ಕ್ಲರ್ಕ್ ಈಗ ಎಲ್ಲಿದ್ದಾರೆ?" ಪತ್ರದ ನಾಲ್ಕನೇ ಕರಡು ವಕೀಲರ ಬಳಿ ಇದೆ.