ಅಂಗರಚನಾಶಾಸ್ತ್ರ ಕಲಿಸಿದ ನನ್ನ ಗುರುಗಳು

ವೈದ್ಯಕೀಯ ಓದಿದವರೆಲ್ಲ ಮೊದಲ ವರ್ಷದ ಅಂಗರಚನಾಶಾಸ್ತ್ರದ ಅಧ್ಯಾಪಕರನ್ನು ಇಷ್ಟೊಂದು ನೆನೆಯುವುದೇಕೆ, ನಿಮಗೂ ಅಂಥವರೊಬ್ಬರು ಇದ್ದರೇ ಎಂದು ಕೇಳಿದ್ದೀರಿ. ಇದ್ದರು. ನಾನೀಗ ಕಿವಿ, ಮೂಗು, ಗಂಟಲಿನ ಶಸ್ತ್ರಚಿಕಿತ್ಸಕ. ಈ ವಿಭಾಗವನ್ನು ಆರಿಸಿಕೊಳ್ಳಲು ಅವರು ಕಲಿಸಿದ ಒಂದು ನರವೇ ಕಾರಣ.

ಮೂಳೆಗಳೇ 206 ಇರುವ ಈ ವಿಷಯವನ್ನು ಉರು ಹೊಡೆಸಿ ಮುಗಿಸುವುದು ಸುಲಭ. ಅವರು ಮಾತ್ರ ಹೆಸರನ್ನು ಕೊನೆಗೆ ಹೇಳುತ್ತಿದ್ದರು. ಶವಛೇದನದ ಮೇಜಿನ ಬಳಿ ನಿಂತು, ಇದು ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ, ಕತ್ತರಿಸಿದರೆ ಏನು ನಿಂತುಹೋಗುತ್ತದೆ ಎಂದು ಕೇಳಿ, ಉತ್ತರ ಬರುವವರೆಗೆ ಕಾಯುತ್ತಿದ್ದರು. ಛೇದಿಸದ ಭಾಗಗಳ ಮೇಲೆ ಒದ್ದೆ ಬಟ್ಟೆ ಹೊದಿಸಿರಬೇಕೆಂಬುದು ಅವರ ಕಟ್ಟುನಿಟ್ಟಿನ ನಿಯಮ. ಅಂಗಾಂಶ ಒಣಗಬಾರದೆಂಬ ಕಾರಣವನ್ನು ಅವರು ಕೊಡುತ್ತಿದ್ದರಾದರೂ, ಮುಖವನ್ನು ಮೊದಲು ಮುಚ್ಚಿಸುತ್ತಿದ್ದುದಕ್ಕೆ ಕಾರಣ ಅದಷ್ಟೇ ಆಗಿರಲಿಲ್ಲ ಎಂಬುದು ನಮಗೆಲ್ಲ ತಿಳಿದಿತ್ತು.

ಆ ನರ, ಧ್ವನಿಪೆಟ್ಟಿಗೆಯ ಬಹುತೇಕ ಸ್ನಾಯುಗಳನ್ನು ಆಡಿಸುವ ರಿಕರೆಂಟ್ ಲಾರಿಂಜಿಯಲ್ ನರ. ನೇರವಾಗಿ ಗಂಟಲು ಸೇರಬಹುದಾಗಿದ್ದ ಅದು ಎಡಗಡೆಯಲ್ಲಿ ಎದೆಯೊಳಕ್ಕೆ ಇಳಿದು, ಮಹಾಪಧಮನಿಯ ಕಮಾನನ್ನು ಬಳಸಿಕೊಂಡು ಮತ್ತೆ ಮೇಲೇರುತ್ತದೆ. ಬಲಗಡೆಯಲ್ಲಿ ಕತ್ತಿನ ಬುಡದ ಸಬ್‌ಕ್ಲೇವಿಯನ್ ಅಪಧಮನಿಯಿಂದಲೇ ಹಿಂತಿರುಗುತ್ತದೆ. ಈ ಸುತ್ತುದಾರಿ ಏಕೆ ಎಂಬುದನ್ನು ಅವರು ಹಲಗೆಯ ಮೇಲೆ ಭ್ರೂಣದಿಂದ ಆರಂಭಿಸಿ ತೋರಿಸಿದರು. ರಕ್ತನಾಳಗಳ ಕಮಾನುಗಳಿಗೆ ಕೆಂಪು ಸೀಮೆಸುಣ್ಣ, ಅವುಗಳ ಕೆಳಗೆ ಹಾಯುವ ನರಕ್ಕೆ ಹಳದಿ. ಹೃದಯ ಕತ್ತಿನಿಂದ ಎದೆಗೆ ಇಳಿಯುವಾಗ ನರವನ್ನೂ ಜೊತೆಗೆ ಎಳೆದೊಯ್ಯುತ್ತದೆ ಎನ್ನುತ್ತಾ, ಬಲಗಡೆಯ ಕೆಳಗಿನ ಕಮಾನನ್ನು ಹೆಬ್ಬೆರಳಿನಿಂದ ಒರೆಸಿಬಿಟ್ಟರು. ತಡೆ ಇಲ್ಲವಾದ ಹಳದಿ ಗೆರೆ ಮೇಲಿನ ಕಮಾನಿಗೆ ಹೋಗಿ ಸಿಕ್ಕಿಕೊಳ್ಳುವುದನ್ನು ಹೊಸದಾಗಿ ಎಳೆದು ತೋರಿಸಿದ ಮೇಲೆ ಉರು ಹೊಡೆಯುವ ಮಾತೇ ಉಳಿಯಲಿಲ್ಲ. ಶ್ವಾಸಕೋಶದ ಗಡ್ಡೆಯಿರುವ ಕೆಲವರ ಧ್ವನಿ ಒಡೆಯುವುದೇಕೆಂಬುದು ಅದೇ ಚಿತ್ರದಿಂದ ತಾನಾಗಿ ಹೊಳೆಯಿತು.

ಹಂದಿಯಲ್ಲಿ ಈ ನರವನ್ನು ತುಂಡರಿಸಿ ಅದರ ಕೂಗು ನಿಲ್ಲುವುದನ್ನು ತೋರಿಸಿದವನು ಎರಡನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್. ಪ್ರಾಣಿಗಳನ್ನೇ ಛೇದಿಸುತ್ತಿದ್ದ ಅದೇ ಗ್ಯಾಲೆನ್ ಮನುಷ್ಯನ ಕೆಳದವಡೆ ಎರಡು ಮೂಳೆಗಳಿಂದಾದದ್ದು ಎಂದೂ ಬರೆದಿಟ್ಟ. ಶತಮಾನಗಳ ಕಾಲ ನಡೆದುಬಂದ ಆ ಮಾತನ್ನು, ಮನುಷ್ಯರ ಶವಗಳನ್ನು ತಾನೇ ಕೈಯಾರೆ ಛೇದಿಸಿ ನೋಡಿದ ಅಂಗರಚನಾಶಾಸ್ತ್ರಜ್ಞ ವೆಸೇಲಿಯಸ್ 1543ರ ತನ್ನ ಗ್ರಂಥದಲ್ಲಿ ತಿದ್ದಿದ. ಗುರುಗಳಿಗೆ ಇಬ್ಬರ ಮೇಲೂ ಗೌರವವಿತ್ತು, ವೆಸೇಲಿಯಸ್‌ನ ಮೇಲೆ ಒಂದು ಹಿಡಿ ಹೆಚ್ಚು.

ಕಾಲೇಜು ಬಿಟ್ಟ ಮೇಲೂ ನಮ್ಮ ಸಂಪರ್ಕ ಉಳಿಯಿತು. ಒಮ್ಮೆ ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ಬಲಗಡೆಯ ನರ ಎಲ್ಲಿಯೂ ಬಳಸಿ ಬರದೆ, ತಾನು ಕವಲೊಡೆಯುವ ಮೂಲ ನರವಾದ ವೇಗಸ್‌ನಿಂದ ನೇರವಾಗಿ ಧ್ವನಿಪೆಟ್ಟಿಗೆಗೆ ಹೋಗಿತ್ತು. ಅಪರೂಪದ ಈ ಸಂಗತಿಯನ್ನು ಫೋನಿನಲ್ಲಿ ತಿಳಿಸಿದಾಗ ಅವರು ನನ್ನ ಯೋಗಕ್ಷೇಮವನ್ನೂ ವಿಚಾರಿಸದೆ, "ಬಲ ಸಬ್‌ಕ್ಲೇವಿಯನ್ ಎಲ್ಲಿಂದ ಹುಟ್ಟಿದೆ, ಅನ್ನನಾಳದ ಹಿಂದಿನಿಂದ ಬಂದಿದೆಯೇ, ನೋಡಿದಿರಾ?" ಎಂದು ಕೇಳಿದರು. ಸ್ಕ್ಯಾನ್‌ನಲ್ಲಿ ನೋಡಿದರೆ ಹಾಗೆಯೇ ಇತ್ತು; ನರ ಸಿಕ್ಕಿಕೊಳ್ಳಬೇಕಿದ್ದ ಕಮಾನೇ ಅಲ್ಲಿರಲಿಲ್ಲ. ರೋಗಿಯ ಒಪ್ಪಿಗೆ ಪಡೆದು, ಹೆಸರು ಅಳಿಸಿ, ಆ ಚಿತ್ರಗಳನ್ನು ತಮ್ಮ ತರಗತಿಗೆ ಕಳಿಸಲು ಹೇಳಿದರು. ನಾನು ತಡಮಾಡಿದ್ದಕ್ಕೆ ಮೊದಲ ವರ್ಷದ ಹುಡುಗನನ್ನು ಗದರುವಂತೆಯೇ ಗದರಿದರು.