ಹರ್ಡಲ್: ಕುರಿದೊಡ್ಡಿಯಿಂದ ಓಟದ ಅಂಕಣಕ್ಕೆ

ಪ್ರಶ್ನೆ: ಕ್ರೀಡಾಪುಟದಲ್ಲಿ ‘ಹರ್ಡಲ್ಸ್’ ಒಂದು ಓಟದ ಹೆಸರು, ಬೇರೆ ಕಡೆ ‘ಯೋಜನೆಗೆ ಹಲವು ಹರ್ಡಲ್‌ಗಳು’ ಎಂದರೆ ಅಡ್ಡಿಗಳು. ಈ ಪದದ ಮೂಲ ಅರ್ಥವೇನು? ನಮ್ಮ ‘ಹಾರು’ ಕ್ರಿಯಾಪದಕ್ಕೂ ಇದಕ್ಕೂ ನಂಟಿದೆಯೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ನಂಟಿಲ್ಲ. ‘ಹಾರು’ ಹಳಗನ್ನಡದಲ್ಲಿ ಪಕಾರದಿಂದ ಆರಂಭವಾಗುವ ‘ಪಾಱು’ ಆಗಿತ್ತು. ಹಕಾರ ಅದಕ್ಕೆ ಬಂದದ್ದು ಅನಂತರ. ಇಂಗ್ಲಿಷ್ ಪದವಾದರೋ ಹಳೆಯ ಇಂಗ್ಲಿಷಿನಲ್ಲೇ ‘ಹರ್ಡೆಲ್’ ಎಂಬುದಕ್ಕೆ ಹತ್ತಿರದ ರೂಪದಲ್ಲಿತ್ತು. ಬುಟ್ಟಿಯಂತೆ ಹೆಣೆದದ್ದು ಎಂಬ ಅರ್ಥದ ಲ್ಯಾಟಿನ್ನಿನ ‘ಕ್ರಾಟಿಸ್’ ಇದರ ದೂರದ ದಾಯಾದಿ.

ಮೂಲದಲ್ಲಿ ಹರ್ಡಲ್ ಎಂದರೆ ಹೇಝಲ್ ಅಥವಾ ವಿಲೋ ಮರದ ಎಳೆಯ ಕಡ್ಡಿಗಳಿಂದ ಹೆಣೆದ, ಹೊತ್ತೊಯ್ಯಬಹುದಾದ ತಡಿಕೆ. ನಮ್ಮಲ್ಲಿ ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿಮಂದೆ ನಿಲ್ಲಿಸುವ ರೂಢಿಯಿದೆಯಲ್ಲ, ದಕ್ಷಿಣ ಇಂಗ್ಲೆಂಡಿನ ಸುಣ್ಣಕಲ್ಲಿನ ದಿಣ್ಣೆಗಳಲ್ಲೂ ಹಾಗೆಯೇ ಕುರಿಗಳನ್ನು ಈ ತಡಿಕೆಗಳ ನಡುವೆ ಕೂಡಿ, ಒಂದು ತುಂಡು ನೆಲಕ್ಕೆ ಹಿಕ್ಕೆ ಬಿದ್ದ ಮೇಲೆ ತಡಿಕೆಗಳನ್ನು ಕಿತ್ತು ಮುಂದಿನ ತುಂಡಿಗೆ ಸಾಗಿಸುತ್ತಿದ್ದರು. ಇದೇ ತಡಿಕೆಗೆ ಕ್ರೂರವಾದ ಇನ್ನೊಂದು ಬಳಕೆಯೂ ಇತ್ತು: ರಾಜದ್ರೋಹಿಗಳನ್ನು ಅದರ ಮೇಲೆ ಕಟ್ಟಿ, ಕುದುರೆಯಿಂದ ವಧಾಸ್ಥಾನಕ್ಕೆ ಎಳೆಸುತ್ತಿದ್ದರು.

19ನೇ ಶತಮಾನದಲ್ಲಿ ಇಂಗ್ಲೆಂಡಿನ ವಿದ್ಯಾರ್ಥಿಗಳು ತಡಿಕೆಗಳನ್ನು ನೆಲಕ್ಕೆ ನೆಟ್ಟು, ಜಿಗಿದು ಓಡುವ ಪಂದ್ಯ ಕಟ್ಟಿದರು. ಗಟ್ಟಿಯಾಗಿ ನೆಟ್ಟಿದ್ದಕ್ಕೆ ಕಾಲು ತಗುಲಿದರೆ ಮುರಿಯುವುದು ಕಾಲೇ. ಈಗಿನ ಹರ್ಡಲ್ ತಗುಲಿದರೆ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಅದು ಮಗುಚಿದ ಮಾತ್ರಕ್ಕೇ ಓಟಗಾರರು ಅನರ್ಹರಾಗುವುದಿಲ್ಲ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಚಿನ್ನ ಗೆದ್ದ 400 ಮೀಟರ್ ಓಟದಲ್ಲಿ ಅಂಥ 10 ಹರ್ಡಲ್‌ಗಳಿರುತ್ತವೆ. ಮಹಿಳೆಯರಿಗೆ ಅವುಗಳ ಎತ್ತರ 76.2 ಸೆಂಟಿಮೀಟರ್.

‘ಅಡ್ಡಿ’ ಎಂಬ ಅರ್ಥ ಇವೆಲ್ಲಕ್ಕಿಂತ ಕಿರಿಯದು. ಅದು ಕುರಿದೊಡ್ಡಿಯಿಂದಲ್ಲ, ಓಟದ ಅಂಕಣದಿಂದ ಬಂದುದರಿಂದ, ದಾಟಿ ಮುಂದೆ ಸಾಗಬಹುದಾದ ತೊಡಕಿಗಷ್ಟೇ ಒಪ್ಪುತ್ತದೆ. ನ್ಯಾಯಾಲಯವೇ ರದ್ದುಪಡಿಸಿದ ಯೋಜನೆಗೂ ‘ಹರ್ಡಲ್ ಎದುರಾಗಿದೆ’ ಎಂದು ಬರೆಯುವವರು ಇದನ್ನು ಗಮನಿಸುವುದು ಒಳ್ಳೆಯದು.